ಬಾಲ್ಯದ ಸಾಕ್ಷಿ ಎಲ್ಲಿದೆ? ವಯಸ್ಕರ ಎಡಿಎಚ್‌ಡಿ ಪತ್ತೆ ಮತ್ತು ಬಳ್ಳಾರಿ ಸೀಮೆಯ ತೊಡಕುಗಳು

ನನ್ನ ತಮ್ಮನ ಪ್ರಾಥಮಿಕ ಶಾಲೆಯ ವರ್ಗಾವಣೆ ಪತ್ರದಲ್ಲಿ ‘ನಡತೆ’ ಎಂಬ ಅಂಕಣದ ಎದುರು ‘ಉತ್ತಮ’ ಎಂದು ನೀಲಿ ಶಾಯಿಯಲ್ಲಿ ಬರೆದಿದೆ. ಕುಷ್ಟಗಿ ತಾಲ್ಲೂಕಿನ ಆ ಶಾಲೆಯಿಂದ ಅದೇ ವರ್ಷ ಹೊರಬಿದ್ದ ಎಲ್ಲ ಮಕ್ಕಳ ಟಿ.ಸಿ.ಯಲ್ಲಿಯೂ ಅದೇ ಪದ ಅದೇ ಕೈಬರಹದಲ್ಲಿ ಇದ್ದಿರಬೇಕು. ಇಪ್ಪತ್ತು ವರ್ಷಗಳ ನಂತರ, ತಮ್ಮನಿಗೆ ಮೂವತ್ತಮೂರು ತುಂಬಿದ್ದಾಗ, ಬಳ್ಳಾರಿಯ ಮನೋವೈದ್ಯರೊಬ್ಬರು ‘ಹನ್ನೆರಡು ವರ್ಷದೊಳಗೆ ಇವರು ಹೇಗಿದ್ದರು ಎಂಬುದಕ್ಕೆ ಏನಾದರೂ ದಾಖಲೆ ಇದೆಯೇ’ ಎಂದು ಕೇಳಿದಾಗ ನಮ್ಮ ಮನೆಯ ಟ್ರಂಕಿನಲ್ಲಿ ಸಿಕ್ಕಿದ್ದು ಆ ಒಂದು ಹಾಳೆ ಮಾತ್ರ. ವೈದ್ಯರು ಅದನ್ನು ಓದಿ, ಮಡಚಿ, ಮರಳಿ ಕೊಟ್ಟರು.

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಮನ ನಿಲ್ಲದಿರುವುದು, ಅತಿಯಾದ ಚಡಪಡಿಕೆ, ಹಿಂದುಮುಂದು ನೋಡದ ದುಡುಕು, ಈ ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಸೇರಿಕೊಂಡು ಬದುಕನ್ನು ಕಂಗೆಡಿಸುವ ಎಡಿಎಚ್‌ಡಿಯನ್ನು (ಅಟೆನ್ಷನ್ ಡೆಫಿಸಿಟ್ ಹೈಪರ್‌ಆ್ಯಕ್ಟಿವಿಟಿ ಡಿಸಾರ್ಡರ್, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ವೈದ್ಯಶಾಸ್ತ್ರವು ನರವಿಕಾಸದ ತೊಂದರೆಗಳ ಸಾಲಿನಲ್ಲಿ ಇರಿಸಿದೆ. ಅಂದರೆ ಅದು ಮಿದುಳು ಬೆಳೆಯುವ ಕಾಲದಲ್ಲಿಯೇ ಇರುವಂಥದ್ದು, ಮೂವತ್ತನೆಯ ವಯಸ್ಸಿನಲ್ಲಿ ಕೆಲಸದ ಒತ್ತಡದಿಂದ ಹೊಸದಾಗಿ ಹುಟ್ಟಿಕೊಳ್ಳುವಂಥದ್ದಲ್ಲ ಎಂಬುದು ಅದರ ತಳಹದಿ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ, ನಮ್ಮ ವೈದ್ಯರೂ ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, 17 ವರ್ಷ ಮೇಲ್ಪಟ್ಟವರಲ್ಲಿ ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲಿ ಕನಿಷ್ಠ 5, ಇಲ್ಲವೇ ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ 9ರಲ್ಲಿ ಕನಿಷ್ಠ 5 ಲಕ್ಷಣಗಳು ಆರು ತಿಂಗಳಾದರೂ ಇರಬೇಕು, ಅವು ಮನೆ, ಕೆಲಸ ಎಂಬಂತೆ ಎರಡಕ್ಕಿಂತ ಕಡಿಮೆಯಲ್ಲದ ಸನ್ನಿವೇಶಗಳಲ್ಲಿ ಕಾಣಬೇಕು, ಬದುಕಿಗೆ ತೊಡಕಾಗಿರಬೇಕು, ಮತ್ತು ಅವುಗಳಲ್ಲಿ ಹಲವು 12 ವರ್ಷ ತುಂಬುವ ಮುನ್ನವೇ ಇದ್ದಿರಬೇಕು. ಹಿಂದಿನ ಆವೃತ್ತಿಯಲ್ಲಿ ಈ ಗಡಿ 7 ವರ್ಷವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ, 2022ರ ಜನವರಿಯಿಂದ ಜಾರಿಯಲ್ಲಿರುವ ರೋಗಗಳ ವರ್ಗೀಕರಣ ಪಟ್ಟಿ ಐಸಿಡಿ-11 ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ.

ಇದನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನಿಂಗ್ ಇಲ್ಲ. ನಮ್ಮ ಕಡೆ ತಲೆಗೆ ಸಂಬಂಧಿಸಿದ್ದು ಏನೇ ಇದ್ದರೂ ಮೊದಲು ಸ್ಕ್ಯಾನಿಂಗ್ ಮಾಡಿಸುವುದು ರೂಢಿ. ತಮ್ಮನೂ ಹಾಗೆಯೇ ಮಾಡಿಸಿಕೊಂಡ. ವರದಿಯಲ್ಲಿ ದೋಷವೇನೂ ಇರಲಿಲ್ಲ. ‘ಏನೂ ಇಲ್ಲ, ಆರಾಮ ಅದೀರಿ’ ಎಂಬ ಮಾತನ್ನು ಕೇಳಿ ಮನೆಯವರೆಲ್ಲ ನಿರಾಳವಾದರು, ಅವನೊಬ್ಬನನ್ನು ಬಿಟ್ಟು. ಬಿ.ಕಾಂ. ಮುಗಿಸಿ ಬಳ್ಳಾರಿಯ ಜೀನ್ಸ್ ತಯಾರಿಕೆಯ ಘಟಕಗಳಲ್ಲಿ ಲೆಕ್ಕಪತ್ರ ಮತ್ತು ಸರಕು ರವಾನೆಯ ಕೆಲಸ ಮಾಡುತ್ತಿದ್ದ ಅವನು ಆರು ವರ್ಷಗಳಲ್ಲಿ ನಾಲ್ಕು ಕಡೆ ಕೆಲಸ ಬಿಟ್ಟಿದ್ದ. ಒಂದು ಊರಿಗೆ ಹೋಗಬೇಕಾದ ಗಂಟುಗಳನ್ನು ಇನ್ನೊಂದು ಊರಿನ ಲಾರಿಗೆ ಹಾಕಿಸಿದ್ದ. ಜಿಎಸ್‌ಟಿ ರಿಟರ್ನ್ ತುಂಬುವ ಕೊನೆಯ ದಿನ ಗೊತ್ತಿದ್ದೂ, ಕಂಪ್ಯೂಟರಿನ ಮುಂದೆ ಕುಳಿತೇ ಇದ್ದೂ, ದಿನ ಮೀರಿಸಿ ಮಾಲೀಕರಿಗೆ ದಂಡ ಬೀಳಿಸಿದ್ದ. ಅದೇ ಮನುಷ್ಯ ಕೆಟ್ಟುಹೋದ ಹೊಲಿಗೆ ಯಂತ್ರವನ್ನು ಬಿಚ್ಚಿಕೊಂಡು ಕುಳಿತರೆ ಊಟ, ನಿದ್ದೆ ಮರೆತು ಮುಂಜಾನೆಯವರೆಗೆ ಕೂರುತ್ತಿದ್ದ. ‘ಬೇಕಾದ್ದಕ್ಕೆ ಮನಸ್ಸು ಇರ್ತದ, ಬ್ಯಾಡಾದ್ದಕ್ಕೆ ಇರಲ್ಲ’ ಎಂದು ಎಲ್ಲರೂ ಆಡಿಕೊಳ್ಳಲು ಇಷ್ಟು ಸಾಕಾಗಿತ್ತು. ಗಮನವನ್ನು ಎಲ್ಲಿ ಇಡಬೇಕು, ಎಲ್ಲಿಂದ ತೆಗೆಯಬೇಕು ಎಂಬ ಹಿಡಿತವೇ ಸಡಿಲವಾಗಿರುವುದು ಈ ತೊಂದರೆಯ ತಿರುಳು. ಗಮನವೇ ಇಲ್ಲದಿರುವುದು ಎಂಬ ಅರ್ಥ ಕೊಡುವ ಹೆಸರಿನಿಂದಾಗಿ ಅದು ಹೊರಗಿನವರಿಗೆ ಸೋಮಾರಿತನದಂತೆಯೂ ಸ್ವಾರ್ಥದಂತೆಯೂ ಕಾಣುತ್ತದೆ.

ಪರೀಕ್ಷೆ ಇಲ್ಲವೆಂದ ಮೇಲೆ ಉಳಿಯುವುದು ಕಥನ. ವ್ಯಕ್ತಿ ತನ್ನ ಬಗ್ಗೆ ಹೇಳುವುದು, ಅವನನ್ನು ಬಲ್ಲವರು ಹೇಳುವುದು, ಶಾಲೆಯ ಕಾಗದಗಳು ಹೇಳುವುದು, ಇವನ್ನೆಲ್ಲ ವೈದ್ಯರು ತಾಳೆ ಹಾಕಿ ನೋಡಬೇಕು. ವಯಸ್ಕರಲ್ಲಿ ಎಡಿಎಚ್‌ಡಿ ಪತ್ತೆ ಮಾಡುವುದೆಂದರೆ ಬಹುಮಟ್ಟಿಗೆ ಒಂದು ಬಾಲ್ಯವನ್ನು ಮತ್ತೆ ಕಟ್ಟಿ ನೋಡುವ ಕೆಲಸ. ಬಳ್ಳಾರಿ, ಕೊಪ್ಪಳ, ರಾಯಚೂರಿನಂಥ ಕಡೆ ಈ ಕೆಲಸ ಕೈಗೂಡದಿರುವುದಕ್ಕೆ ವೈದ್ಯರ ಕೊರತೆ, ಔಷಧದ ಕೊರತೆ ಎಂದು ಎಲ್ಲರೂ ಹೇಳುವ ಕಾರಣಗಳು ನಿಜವೇ. ಆದರೆ ಅವುಗಳಿಗಿಂತ ಮೊದಲೇ, ಕೇಳುವ ಹೊತ್ತು ಮತ್ತು ಕೇಳುವ ಮಾತು ಇಲ್ಲದಿರುವುದರಿಂದ ಸಾಕ್ಷ್ಯವೇ ಕೈತಪ್ಪಿಹೋಗುತ್ತಿದೆ ಎಂಬುದು ನನ್ನ ಅನುಭವ ಮತ್ತು ನನ್ನ ವಾದ.

ಎರಡನೆಯ ಭೇಟಿಗೆ ಅವ್ವನನ್ನು ಕರೆತರಲು ವೈದ್ಯರು ಹೇಳಿದ್ದರು. ಅವ್ವ ಇಳಕಲ್ ಸೀರೆ ಉಟ್ಟು, ಕುಷ್ಟಗಿಯಿಂದ ಬಸ್ಸಿನಲ್ಲಿ ಬಂದು, ಕುರ್ಚಿಯ ತುದಿಯಲ್ಲಿ ಕುಳಿತಳು. ‘ಚಿಕ್ಕವರಿದ್ದಾಗ ಇವರಿಗೆ ಓದಿನಲ್ಲಿ ಗಮನದ ಸಮಸ್ಯೆ ಇತ್ತೇನಮ್ಮ?’ ಎಂದು ವೈದ್ಯರು ಕೇಳಿದರು. ‘ಏನೂ ತೊಂದ್ರಿ ಇದ್ದಿಲ್ರೀ ಸರ. ಭಾಳ ಶಾಣ್ಯಾ ಇದ್ದ. ಮಾಸ್ತರು ಯಾವತ್ತೂ ಒಂದು ಮಾತು ಹೇಳಿಲ್ಲ’ ಎಂದಳು. ಹೊರಗೆ ಇನ್ನೂ ಮೂವತ್ತು ಜನ ಚೀಟಿ ಹಿಡಿದು ನಿಂತಿದ್ದರು. ಮಾತು ಅಲ್ಲಿಗೇ ಮುಗಿಯಿತು.

ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ಅವಳೇ ಬಾಯಿಬಿಟ್ಟಳು. ‘ಪಾಟಿ ಎಷ್ಟು ಕಳದಾನ ಅಂತೀ! ಒಂದು ವರ್ಷದಾಗ ಐದು ಪಾಟಿ ತಂದು ಕೊಟ್ಟೀನಿ. ಪಾಟಿಚೀಲನ ಹೊಲದ ಬದುವಿನ ಮ್ಯಾಲ ಬಿಟ್ಟು ಬರತಿದ್ದ. ಉಣ್ಣಾಕ ಕುಂತ್ರ ಅರ್ಧಕ್ಕ ಎದ್ದು ಹೊಕ್ಕಿದ್ದ. ನಿಮ್ಮಪ್ಪ, ಇವನ ಕಾಲಾಗ ಚಕ್ರ ಐತಿ ಅಂತಿದ್ರು.’ ನಾನು ತಡೆಯಲಾರದೆ, ‘ಅದನ್ನ ಅಲ್ಲೇ ಯಾಕ ಹೇಳಲಿಲ್ಲಬೇ?’ ಎಂದೆ. ‘ಕನ್ಯಾ ನೋಡಾಕ ಹತ್ತೀವಿ. ಹುಚ್ಚಿನ ಡಾಕ್ಟ್ರು ಮುಂದ ಕುಂತು ಮಗನ ಹುಳುಕು ಹೇಳಾಕ ಬರತೈತೇನು?’ ಎಂದಳು.

ಅವ್ವ ಸುಳ್ಳು ಹೇಳಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಿದೆ. ‘ಸಮಸ್ಯೆ ಇತ್ತೇ’ ಎಂದು ಕೇಳಿದಾಗ ಒಬ್ಬ ತಾಯಿ ಮಗನ ಮಾನ ಕಾಯುತ್ತಾಳೆ. ‘ಪಾಟಿ ಕಳೆಯುತ್ತಿದ್ದನೇ’ ಎಂದು ಕೇಳಿದ್ದರೆ ಅವಳು ನಗುತ್ತಲೇ ಎಲ್ಲವನ್ನೂ ಹೇಳಿರುತ್ತಿದ್ದಳು. ಮೇಲಾಗಿ, ಮರೆವು ಎಂಬುದು ನಮ್ಮ ಹಳ್ಳಿಯ ತಾಯಂದಿರಿಗೆ ಮಾತ್ರ ಅಂಟಿದ್ದಲ್ಲ. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರದಷ್ಟು ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿದ ಪ್ರಸಿದ್ಧ ಅಧ್ಯಯನವೊಂದು 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬಾಲ್ಯದಲ್ಲಿ ಎಡಿಎಚ್‌ಡಿ ಇದ್ದುದು ದಾಖಲೆಯಲ್ಲೇ ಇದ್ದ ಮಕ್ಕಳ ತಂದೆತಾಯಂದಿರಲ್ಲಿ ಹೆಚ್ಚಿನವರು ದಶಕಗಳ ನಂತರ ಅದನ್ನು ನೆನಪಿಸಿಕೊಳ್ಳಲಾಗಲಿಲ್ಲ ಎಂದು ಕಂಡುಬಂತು. ಅದೇ ವರದಿಯಲ್ಲಿ ವೈದ್ಯಲೋಕವನ್ನು ಇನ್ನೂ ಗಲಿಬಿಲಿಗೊಳಿಸುವ ಮತ್ತೊಂದು ಸಂಗತಿಯಿದೆ: 38ನೆಯ ವಯಸ್ಸಿನಲ್ಲಿ ಎಡಿಎಚ್‌ಡಿ ಲಕ್ಷಣಗಳಿದ್ದವರಲ್ಲಿ ಶೇ 90ರಷ್ಟು ಜನರ ಬಾಲ್ಯದ ದಾಖಲೆಗಳಲ್ಲಿ ಆ ತೊಂದರೆಯೇ ಇರಲಿಲ್ಲ. ಇವರದು ತಡವಾಗಿ ತಲೆದೋರುವ ಎಡಿಎಚ್‌ಡಿಯೇ, ಅಥವಾ ಅದರಂತೆ ಕಾಣುವ ಬೇರೆಯೇ ತೊಂದರೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹುಟ್ಟಿನಿಂದ ದಾಖಲೆ ಇಟ್ಟ ಕಡೆಯಲ್ಲಿಯೇ ಇಷ್ಟು ಗೊಂದಲವಿದ್ದ ಮೇಲೆ, ಎರಡು ತರಗತಿಗಳಿಗೆ ಒಬ್ಬರೇ ಶಿಕ್ಷಕರಿದ್ದ, ಹಾಜರಿ ಮತ್ತು ಅಂಕಗಳ ಹೊರತು ಬೇರೇನನ್ನೂ ಬರೆದಿಡದ ನಮ್ಮ ಶಾಲೆಗಳಿಂದ ಯಾವ ಕಾಗದವನ್ನು ತಾನೇ ತರುವುದು?

ಗುಳೆ ಹೋಗುವ ಕುಟುಂಬಗಳ ಪಾಡು ಇನ್ನೂ ಜಟಿಲವಾದದ್ದು. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗದ ಕಡೆಯ ಮಕ್ಕಳು ಅಪ್ಪ ಅವ್ವನೊಂದಿಗೆ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗೋವಾಕ್ಕೋ ಹೋಗಿ ಬೇಸಿಗೆಯ ನಂತರ ಮರಳುತ್ತಿದ್ದರು. ಅಂಥವರ ಶಾಲಾ ದಾಖಲೆಯಲ್ಲಿ ಇರುವುದು ಗೈರುಹಾಜರಿ ಮಾತ್ರ. ಪಾಠ ತಲೆಗೆ ಹತ್ತದಿದ್ದುದು ಗಮನ ನಿಲ್ಲದ್ದರಿಂದಲೋ, ಶಾಲೆಯೇ ತಪ್ಪಿದ್ದರಿಂದಲೋ ಎಂದು ಇಪ್ಪತ್ತೈದು ವರ್ಷಗಳ ನಂತರ ಬಿಡಿಸಿ ಹೇಳಬಲ್ಲವರು ಯಾರು? ಹೊಟ್ಟೆತುಂಬ ಇಲ್ಲದ, ನೆಲೆ ಇಲ್ಲದ ಬಾಲ್ಯವೂ ಮಗುವನ್ನು ಚಡಪಡಿಸುವಂತೆ ಮಾಡುತ್ತದೆ. ಆದರೆ ಅಂಥ ಬಾಲ್ಯ ಕಳೆದವರಿಗೆ ಎಡಿಎಚ್‌ಡಿ ಇರಲಾರದು ಎಂದೇನೂ ಇಲ್ಲ. ಈ ತೊಂದರೆಯಲ್ಲಿ ಅನುವಂಶೀಯತೆಯ ಪಾಲು ಶೇ 70ಕ್ಕೂ ಹೆಚ್ಚು ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಬಡತನ ಅದನ್ನು ಅಳಿಸುವುದಿಲ್ಲ, ಮುಚ್ಚಿಡುತ್ತದೆ.

ಈಗ ಮಾತಿನ ವಿಷಯಕ್ಕೆ ಬರೋಣ. ವಯಸ್ಕರ ಪ್ರಾಥಮಿಕ ತಪಾಸಣೆಗೆ ಜಗತ್ತಿನಾದ್ಯಂತ ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರೂಪುಗೊಂಡ ಎಎಸ್‌ಆರ್‌ಎಸ್ ಎಂಬ 18 ಪ್ರಶ್ನೆಗಳ ಪಟ್ಟಿಯನ್ನು. ಅದರ ಮೊದಲ 6 ಪ್ರಶ್ನೆಗಳು ಜರಡಿಯಂತೆ ಕೆಲಸ ಮಾಡುತ್ತವೆ. ಆ ಪಟ್ಟಿಯಲ್ಲಿ ಯೋಜನೆಯೊಂದರ ಕೊನೆಯ ಹಂತದ ವಿವರಗಳನ್ನು ಮುಗಿಸುವ ಬಗ್ಗೆ, ಸಭೆಗಳಲ್ಲಿ ಕುಳಿತ ಜಾಗದಿಂದ ಏಳುವ ಬಗ್ಗೆ ಕೇಳುತ್ತಾರೆ. ಹಗಲಿಡೀ ಕತ್ತರಿಸುವ ಮೇಜಿನ ಮುಂದೆ ನಿಂತೇ ಇರುವ ಜೀನ್ಸ್ ಕಾರ್ಮಿಕನಿಗೆ, ಗಂಗಾವತಿಯ ಅಕ್ಕಿ ಗಿರಣಿಯ ಹಮಾಲನಿಗೆ, ಸಿಂಧನೂರಿನ ಕಡೆ ಭತ್ತದ ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಗಳಿಗೆ ಸಭೆಯಾದರೂ ಎಲ್ಲಿಂದ ಬರಬೇಕು? ಪಟ್ಟಿಯನ್ನು ಕನ್ನಡಕ್ಕೆ ತಂದರಷ್ಟೇ ಈ ಅಂತರ ತುಂಬುವುದಿಲ್ಲ. ಕೇಳುವ ಸನ್ನಿವೇಶವೇ ಇಲ್ಲಿಯದಾಗಬೇಕು: ಬಿತ್ತನೆಗೆ ಹೊರಟವನು ಬೀಜದ ಚೀಲ ಮನೆಯಲ್ಲಿ ಬಿಟ್ಟು ಎಷ್ಟು ಸಲ ಮರಳಿ ಬಂದಿದ್ದಾನೆ, ಸಂಘದ ಸಾಲದ ಕಂತಿನ ದಿನ ಎಷ್ಟು ಸಲ ತಪ್ಪಿದೆ, ಒಲೆಯ ಮೇಲಿಟ್ಟ ಹಾಲು ವಾರಕ್ಕೆ ಎಷ್ಟು ಸಲ ಉಕ್ಕಿ ಹೋಗುತ್ತದೆ, ರೇಷನ್ ಅಂಗಡಿಯ ಸರದಿಯಲ್ಲಿ ನಿಲ್ಲಲಾರದೆ ಬರಿಗೈಯಲ್ಲಿ ಬಂದದ್ದು ಉಂಟೇ ಎಂದು ಕೇಳಬೇಕು.

ನಮ್ಮ ಭಾಷೆಯಲ್ಲಿ ಇದಕ್ಕೆ ಪದಗಳಿಲ್ಲ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ‘ನಿನ್ನ ಧ್ಯಾಸ ಎಲ್ಲೈತಿ’ ಎಂಬ ಮಾತನ್ನು ಕೇಳದೆ ಬೆಳೆದ ಮಗು ಈ ಸೀಮೆಯಲ್ಲಿ ಇರಲಾರದು. ‘ಖಬರಿಲ್ಲ’, ‘ಉಡಾಳ’, ‘ಗಡಿಬಿಡಿ ಮನಿಷ್ಯಾ’, ‘ಹಿಡದಿದ್ದು ಒಂದೂ ಮುಗಸಂಗಿಲ್ಲ’ ಎಂಬ ಮಾತುಗಳನ್ನು ಒಟ್ಟುಗೂಡಿಸಿದರೆ ಕೈಪಿಡಿಯ 18 ಲಕ್ಷಣಗಳಲ್ಲಿ ಬಹುಪಾಲು ಬಂದೇಬಿಡುತ್ತವೆ. ಒಳಗೊಂದು ಮೋಟಾರು ಓಡುತ್ತಿರುವಂತೆ ಇರುತ್ತಾರೆ ಎಂದು ಕೈಪಿಡಿಯಲ್ಲಿ ಬರೆದಿರುವುದೂ, ಕಾಲಾಗ ಚಕ್ರ ಐತಿ ಎಂದು ನಮ್ಮಪ್ಪ ಹೇಳುತ್ತಿದ್ದುದೂ ಬೇರೆಯಲ್ಲ. ನಮ್ಮಲ್ಲಿ ಈ ಮಾತುಗಳೆಲ್ಲ ಬೈಗುಳಗಳಾಗಿ ಉಳಿದಿವೆ. ಬೈಸಿಕೊಂಡು ಬೆಳೆದವನು ಅವನ್ನು ತನ್ನ ಗುಣದೋಷವೆಂದು ನಂಬಿಬಿಡುತ್ತಾನೆ. ವೈದ್ಯರ ಮುಂದೆ ಹೇಳಿಕೊಳ್ಳಬೇಕಾದ ಸಂಗತಿ ಎಂದು ಅವನಿಗೆ ಹೊಳೆಯುವುದೇ ಇಲ್ಲ. ಹೊಳೆದರೂ, ದವಾಖಾನೆಯ ಕೋಣೆಯಲ್ಲಿ ಆಡುಮಾತು ಬಿಟ್ಟು ‘ಕಾನ್ಸಂಟ್ರೇಷನ್ ಇಲ್ಲ ಸರ್’ ಎನ್ನುತ್ತಾನೆ. ಆ ಒಂದು ವಾಕ್ಯಕ್ಕೆ ಖಿನ್ನತೆ, ಆತಂಕ, ನಿದ್ರಾಹೀನತೆ, ಪರೀಕ್ಷೆಯ ಭಯ, ಹೀಗೆ ಯಾವುದನ್ನು ಬೇಕಾದರೂ ಹೊಂದಿಸಬಹುದು.

ಎಷ್ಟು ಜನರ ಪ್ರಶ್ನೆ ಇದು? ಜಗತ್ತಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಬಾಲ್ಯದಿಂದ ಮುಂದುವರಿದು ಬಂದ ಎಡಿಎಚ್‌ಡಿ ವಯಸ್ಕರಲ್ಲಿ ಶೇ 2.5ರಷ್ಟು ಇದೆ ಎಂದು ಅಂದಾಜಿಸಿತು. 2011ರ ಜನಗಣತಿಯಲ್ಲಿ ಅಂದಿನ ಅವಿಭಜಿತ ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಒಟ್ಟು ಜನಸಂಖ್ಯೆ ಸುಮಾರು 57.7 ಲಕ್ಷ. ಇವರಲ್ಲಿ ವಯಸ್ಕರು 34 ಲಕ್ಷ ಎಂದು ಹಿಡಿದು ಆ ಪ್ರಮಾಣವನ್ನು ಅನ್ವಯಿಸಿದರೆ 85,000 ಜನ ಬರುತ್ತಾರೆ. ಇದು ನನ್ನ ಕೈಲೆಕ್ಕ, ಸಮೀಕ್ಷೆಯ ಅಂಕಿಯಲ್ಲ. ಅದರ ಅರ್ಧವೇ ನಿಜವೆಂದುಕೊಂಡರೂ, ಒಂದು ತಾಲ್ಲೂಕು ಕೇಂದ್ರದ ಜನರಷ್ಟು ಮಂದಿ ಹೆಸರು ಗೊತ್ತಿಲ್ಲದ ತೊಂದರೆಯನ್ನು ಹೊತ್ತು ಓಡಾಡುತ್ತಿದ್ದಾರೆ. ದೇಶದಲ್ಲಿ ಲಕ್ಷ ಜನರಿಗೆ 0.75 ಮನೋವೈದ್ಯರು ಮಾತ್ರ ಇದ್ದಾರೆ ಎಂಬ ಅಂದಾಜು ಇದರ ಜೊತೆಗೆ ನೆನಪಿರಲಿ. ಅವರಲ್ಲಿಯೂ ಹೆಚ್ಚಿನವರು ದೊಡ್ಡ ನಗರಗಳಲ್ಲಿದ್ದಾರೆ.

ಈ ಮಾತನ್ನು ಬಳ್ಳಾರಿಯಲ್ಲಿ ಕುಳಿತು ಬರೆಯುವಾಗ ನನಗೆ ವಿಶೇಷವಾದ ನೋವಾಗುತ್ತದೆ. ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಒಯ್ಯುವುದು ಹೇಗೆಂದು ದೇಶಕ್ಕೆ ಕಲಿಸಿದ್ದು ಇದೇ ಜಿಲ್ಲೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡ ಮೇಲೆ, ಅದನ್ನು ಜಿಲ್ಲೆಯ ಮಟ್ಟದಲ್ಲಿ ನಡೆಸಿ ನೋಡಲು ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿಯನ್ನು. ಸುಮಾರು 1985ರಿಂದ 1990ರವರೆಗೆ ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ತೀವ್ರ ಮನೋರೋಗ, ಮೂರ್ಛೆರೋಗ ಮುಂತಾದವುಗಳಿಗೆ ಊರಿನಲ್ಲಿಯೇ ಔಷಧ ಸಿಗುವಂತೆ ಮಾಡಲಾಯಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಆ ಪ್ರಯೋಗವನ್ನು ಅನುಸರಿಸಿ 1996ರಲ್ಲಿ ದೇಶದ 4 ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು; ಇಂದು ಅದರ ವ್ಯಾಪ್ತಿ 700ಕ್ಕೂ ಹೆಚ್ಚು ಜಿಲ್ಲೆಗಳಿಗೆ ಹಬ್ಬಿದೆ. ಸರಪಳಿ ಕಟ್ಟಿಸಿಕೊಂಡು ಕೊಟ್ಟಿಗೆಯಲ್ಲಿ ಬಿದ್ದಿರುತ್ತಿದ್ದ ಎಷ್ಟೋ ಜೀವಗಳನ್ನು ಇಂಥ ಸೇವೆ ಮನುಷ್ಯರ ನಡುವೆ ಮರಳಿ ತಂದಿದೆ. ಅದರ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ.

ಆದರೆ ಆ ಮಾದರಿಯ ಕಣ್ಣು ತಿದ್ದಲ್ಪಟ್ಟಿದ್ದು ಎದ್ದು ಕಾಣುವ ಕಾಯಿಲೆಗಳನ್ನು ಹಿಡಿಯಲು. ಕೂಗಾಡುವವನು, ಊಟ ಬಿಟ್ಟವನು, ಫಿಟ್ಸ್ ಬಂದು ಬಿದ್ದವನು ಆಶಾ ಕಾರ್ಯಕರ್ತೆಗೂ ಕಾಣುತ್ತಾನೆ, ಓಣಿಗೂ ಕಾಣುತ್ತಾನೆ. ಕೆಲಸಕ್ಕೆ ಹೋಗುವ, ಮಾತಾಡಿಸಿದರೆ ನಗುವ, ಆದರೆ ತಿಂಗಳ ಕೊನೆಗೆ ಕೈಗಡ ಮಾಡುವ, ಬೈಕಿನ ಕೀಲಿ ಹುಡುಕುತ್ತ ಅರ್ಧ ಗಂಟೆ ಕಳೆಯುವ, ಮೂರನೆಯ ಬಾರಿ ಕೆಲಸ ಕಳೆದುಕೊಂಡವನು ಯಾರ ಕಣ್ಣಿಗೂ ರೋಗಿಯಾಗಿ ಬೀಳುವುದಿಲ್ಲ. ರಾಜ್ಯದಲ್ಲಿ ‘ಮನೋಚೈತನ್ಯ’ದ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್‌ಗಳು ಬಂದಿವೆ, ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಟೆಲಿ ಮಾನಸ್ ಸಹಾಯವಾಣಿ 14416 ಕ್ಕೆ ಯಾವ ಊರಿನಿಂದ ಬೇಕಾದರೂ ಕನ್ನಡದಲ್ಲಿಯೇ ಕರೆ ಮಾಡಬಹುದು. ಬಾಗಿಲುಗಳು ಇವೆ. ಎಡಿಎಚ್‌ಡಿಯ ವಿಚಾರಣೆ ಬೇಡುವ ಒಂದೆರಡು ಗಂಟೆಯ ಹೊತ್ತನ್ನು, ಒಬ್ಬ ರೋಗಿಗೆ ಐದು ಹತ್ತು ನಿಮಿಷ ಸಿಗುವ ಹೊರರೋಗಿ ವಿಭಾಗ ಎಲ್ಲಿಂದ ತಂದುಕೊಡಬೇಕು ಎಂಬುದು ತೊಡಕು.

ಹೊತ್ತಿಲ್ಲದಿದ್ದಾಗ ವೈದ್ಯರು ಏನು ಮಾಡುತ್ತಾರೆ? ಕಣ್ಣಿಗೆ ಕಾಣುವುದಕ್ಕೆ ಮದ್ದು ಕೊಡುತ್ತಾರೆ. ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಆತಂಕ, ಖಿನ್ನತೆ, ಕುಡಿತ ಜೊತೆಗೂಡುವುದು ಸಾಮಾನ್ಯ. ತಮ್ಮನಿಗೆ ಮೊದಲ ಎಂಟು ತಿಂಗಳು ಖಿನ್ನತೆಯ ಮಾತ್ರೆ ಕೊಟ್ಟರು. ಅದು ಅಳುವನ್ನು ನಿಲ್ಲಿಸಿತು, ಮರೆವನ್ನು ನಿಲ್ಲಿಸಲಿಲ್ಲ. ಮತ್ತೊಬ್ಬರು ‘ಬಿ.ಕಾಂ. ಫಸ್ಟ್ ಕ್ಲಾಸ್‌ನಲ್ಲಿ ಪಾಸಾಗಿದ್ದೀರಿ, ನಿಮಗೆ ಎಡಿಎಚ್‌ಡಿ ಹೇಗೆ ಇರಲು ಸಾಧ್ಯ’ ಎಂದರು. ಪರೀಕ್ಷೆಯ ಹಿಂದಿನ ಮೂರು ರಾತ್ರಿ ಕಣ್ಣುಮುಚ್ಚದೆ ಓದಿ, ಆಮೇಲೆ ಒಂದು ವಾರ ಜ್ವರದಲ್ಲಿ ಮಲಗಿ, ಹೀಗೆ ಆರು ಸೆಮಿಸ್ಟರ್ ದಾಟಿದವನ ಅಂಕಪಟ್ಟಿ ಆ ದಣಿವನ್ನು ತೋರಿಸುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮುಚ್ಚುಮರೆ ಇನ್ನೂ ಗಾಢವಾಗಿದೆ. ಮಕ್ಕಳ ಕ್ಲಿನಿಕ್‌ಗೆ ಬರುವವರಲ್ಲಿ ಹುಡುಗರೇ ಬಹಳ ಹೆಚ್ಚು. ವಯಸ್ಕರಲ್ಲಿ ಆ ಅಂತರ ಬಹಳಷ್ಟು ಕಿರಿದಾಗುತ್ತದೆ ಎಂದು ಅಧ್ಯಯನಗಳು ತೋರಿಸುತ್ತವೆ. ಅಂದರೆ ಹುಡುಗಿಯರು ಬಾಲ್ಯದಲ್ಲಿ ಕಣ್ತಪ್ಪಿಹೋಗಿದ್ದಾರೆ. ಬೆಂಚಿನ ಮೇಲೆ ಹತ್ತಿ ಕುಣಿಯುವ ಹುಡುಗನ ಬಗ್ಗೆ ಶಿಕ್ಷಕರು ದೂರು ಹೇಳುತ್ತಾರೆ, ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗಿಯ ಬಗ್ಗೆ ‘ಭಾಳ ಶಾಂತ’ ಎನ್ನುತ್ತಾರೆ. ಮದುವೆಯಾಗಿ ಅಡುಗೆ, ಮಕ್ಕಳು, ಅತ್ತೆಮಾವಂದಿರ ಔಷಧದ ಹೊತ್ತು, ಹಬ್ಬದ ಸಾಮಾನು ಎಲ್ಲವನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳಬೇಕಾದ ದಿನ ಅವಳ ತೊಂದರೆ ಹೊರಬೀಳುತ್ತದೆ. ಆಗ ಅದಕ್ಕೆ ಸಿಗುವ ಹೆಸರು ‘ತವರಾಗ ಏನೂ ಕಲಿಸಿಲ್ಲ’ ಎಂಬುದು.

ಇಷ್ಟೆಲ್ಲ ಹೇಳಿದ ಮೇಲೂ, ವೈದ್ಯರು ಅವಸರಪಡದಿರುವುದು ಸರಿ ಎಂದೇ ನಾನು ನಂಬುತ್ತೇನೆ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ನೋಡಿ ತನಗೆ ಎಡಿಎಚ್‌ಡಿ ಇದೆಯೆಂದು ತೀರ್ಮಾನಿಸುವವರ ಸಂಖ್ಯೆ ಹೆಚ್ಚುತ್ತಿದೆ. ಥೈರಾಯ್ಡ್ ಏರುಪೇರು, ರಾತ್ರಿ ಪಾಳಿಯ ನಿದ್ದೆಗೇಡು, ಗೊರಕೆಯೊಂದಿಗೆ ಉಸಿರುಗಟ್ಟುವ ತೊಂದರೆ, ಕುಡಿತ, ಬೈಪೋಲಾರ್ ಕಾಯಿಲೆ, ಇವೆಲ್ಲ ಗಮನವನ್ನು ಕದಡುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಅದರ ಸುಸ್ತು ಕೂಡ ಮರೆವಿನಂತೆಯೇ ಕಾಣುತ್ತದೆ. ಇವನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದ ನಂತರವೇ ಎಡಿಎಚ್‌ಡಿ ಎನ್ನಬೇಕು. ಎಚ್ಚರಿಕೆಯಿಂದ ವಿಚಾರಿಸಿ ‘ಇಲ್ಲ’ ಎನ್ನುವುದಕ್ಕೂ, ವಿಚಾರಿಸಲು ಹೊತ್ತಿಲ್ಲದೆ ‘ಇಲ್ಲ’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ನಾನು ಎತ್ತಿ ತೋರಿಸುತ್ತಿದ್ದೇನೆ.

ಹೆಸರು ಸಿಕ್ಕಿದ ಮೇಲೂ ದಾರಿ ನೇರವಾಗುವುದಿಲ್ಲ. ಈ ತೊಂದರೆಗೆ ಹೆಚ್ಚು ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟ್ 1944ರಲ್ಲಿಯೇ ತಯಾರಾದ ಹಳೆಯ ಔಷಧ. ನಮ್ಮ ದೇಶದಲ್ಲಿ ಅದು 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿಯೂ, ಔಷಧ ನಿಯಮಗಳ ‘ಎಕ್ಸ್’ ಅನುಸೂಚಿಯಲ್ಲಿಯೂ ಇದೆ. ವೈದ್ಯರು ಚೀಟಿಯನ್ನು ಎರಡು ಪ್ರತಿಯಲ್ಲಿ ಬರೆಯಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಿಡಬೇಕು. ಮಾರಲು ಪ್ರತ್ಯೇಕ ಪರವಾನಗಿ ಬೇಕು. ತಿಂಗಳಿಗೆ ನಾಲ್ಕೈದು ಗಿರಾಕಿಗಳೂ ಇಲ್ಲದ ಔಷಧಕ್ಕಾಗಿ ಸಣ್ಣ ಊರಿನ ಮೆಡಿಕಲ್ ಶಾಪಿನವರು ಆ ಉಸಾಬರಿಗೆ ಏಕೆ ಹೋಗುತ್ತಾರೆ? ನಾನು ಮತ್ತು ತಮ್ಮ ಒಂದು ಸಂಜೆ ಬಳ್ಳಾರಿಯಲ್ಲಿ ಏಳು ಅಂಗಡಿ ಸುತ್ತಿದೆವು. ಆರು ಕಡೆ ‘ಬರಂಗಿಲ್ಲ’ ಎಂದರು. ಏಳನೆಯವರು ಚೀಟಿಯನ್ನು ಬೆಳಕಿಗೆ ಹಿಡಿದು, ತಮ್ಮನ ಮುಖವನ್ನೊಮ್ಮೆ ನೋಡಿ, ‘ಇದು ಯಾರಿಗೆ?’ ಎಂದು ಕೇಳಿದರು. ಅವನು ‘ನನಗ’ ಎಂದು ಹೇಳಿದ ದನಿ ಕಳ್ಳನ ದನಿಯಂತಿತ್ತು.

ದುರುಪಯೋಗವಾಗಬಲ್ಲ ಔಷಧಕ್ಕೆ ಕಟ್ಟುನಿಟ್ಟು ಬೇಕು, ನಿಜ. ಆದರೆ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಗಳು ಎಕ್ಸ್ ಅನುಸೂಚಿಯ ಔಷಧಗಳನ್ನು ದೂರವಾಣಿ ಅಥವಾ ವಿಡಿಯೊ ಸಮಾಲೋಚನೆಯಲ್ಲಿ ಬರೆಯುವುದನ್ನು ನಿಷೇಧಿಸಿವೆ. ಬೆಂಗಳೂರಿನವರಿಗೆ ಇದು ಆಟೋ ಹಿಡಿದು ಹೋಗಿಬರುವ ಮಾತು. ಬಳ್ಳಾರಿಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರು, ರಾಯಚೂರಿನಿಂದ ನಾನೂರರ ಹತ್ತಿರ. ಸಂಜೆ ಕೆಲಸ ಮುಗಿಸಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಇಳಿದು, ವೈದ್ಯರನ್ನು ಕಂಡು, ಮಾತ್ರೆ ಕೊಂಡು, ಮತ್ತೆ ರಾತ್ರಿಯ ಗಾಡಿಗೆ ಮರಳುವುದು ಎಂದರೆ ಒಂದು ದಿನದ ಸಂಬಳವೂ ಹೋಯಿತು. ದಿನಾಂಕ ನೆನಪಿಡುವುದು, ಮುಂಗಡ ಟಿಕೆಟ್ ಮಾಡಿಸುವುದು, ಚೀಟಿ ಜೋಪಾನವಾಗಿ ಇಟ್ಟುಕೊಳ್ಳುವುದು ಯಾರಿಗೆ ಎಲ್ಲಕ್ಕಿಂತ ಕಷ್ಟವೋ ಅವರಿಂದಲೇ ಈ ವ್ಯವಸ್ಥೆ ಅದೆಲ್ಲವನ್ನೂ ಪ್ರತಿ ಬಾರಿ ಕೇಳುತ್ತದೆ. ಅಟೊಮೊಕ್ಸೆಟಿನ್ ಎಂಬ ಮತ್ತೊಂದು ಔಷಧಕ್ಕೆ ಇಷ್ಟು ನಿರ್ಬಂಧವಿಲ್ಲ. ಅದರ ಪರಿಣಾಮ ಪೂರ್ತಿ ತಿಳಿಯಲು ವಾರಗಟ್ಟಲೆ ಕಾಯಬೇಕು, ಎಲ್ಲರಿಗೂ ಅದು ಒಗ್ಗುವುದೂ ಇಲ್ಲ.

ಕಾನೂನಿನ ಆಸರೆ ಅರೆಬರೆಯಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕು ಎಂದಿದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಹಾಗಾಗಿ ಕೆಲಸದಲ್ಲಿಯಾಗಲಿ ಪರೀಕ್ಷೆಯಲ್ಲಿಯಾಗಲಿ ಅದರ ಹೆಸರಿನಲ್ಲಿ ಅನುಕೂಲ ಕೇಳಲು ನೆಲೆ ಸಿಗುವುದಿಲ್ಲ.

ಇದಕ್ಕೆ ಹೊಸ ಕಟ್ಟಡ, ಹೊಸ ಯಂತ್ರ ಬೇಕಾಗಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಸಮುದಾಯ ಶುಶ್ರೂಷಕರು ಇರಬೇಕೆಂದು ಕಾರ್ಯಕ್ರಮವೇ ಹೇಳುತ್ತದೆ. ಬಾಲ್ಯದ ವಿಚಾರಣೆಯನ್ನು ಮಾಡಬೇಕಾದವರು ಮನೋವೈದ್ಯರೇ ಆಗಬೇಕಿಲ್ಲ. ತರಬೇತಿ ಪಡೆದ ಸಮಾಜ ಕಾರ್ಯಕರ್ತರು ತಾಯಿ, ಅಕ್ಕ, ಹಳೆಯ ಮಾಸ್ತರು, ಜೊತೆಗೆ ಓದಿದ ಗೆಳೆಯ ಇವರನ್ನು ಫೋನಿನಲ್ಲಿಯೋ ಊರಿನಲ್ಲಿಯೋ ಮಾತಾಡಿಸಿ ಬರೆದುಕೊಂಡು ಬಂದರೆ, ವೈದ್ಯರ ಮುಂದೆ ಹತ್ತು ನಿಮಿಷದಲ್ಲಿ ತೂಗಿನೋಡಬಹುದಾದ ಸಾಕ್ಷ್ಯ ಸಿದ್ಧವಿರುತ್ತದೆ. ಆ ಪ್ರಶ್ನಾವಳಿ ಈ ಸೀಮೆಯ ಆಡುಮಾತಿನಲ್ಲಿ, ಈ ಸೀಮೆಯ ಕೆಲಸಕಾರ್ಯಗಳನ್ನು ಇಟ್ಟುಕೊಂಡು ರೂಪುಗೊಳ್ಳಬೇಕು. ಅದನ್ನು ಮಾಡಬಲ್ಲ ಮನೋವೈದ್ಯಕೀಯ ವಿಭಾಗಗಳು ಇಲ್ಲಿಯ ವೈದ್ಯಕೀಯ ಕಾಲೇಜುಗಳಲ್ಲಿಯೂ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿಯೂ ಇವೆ. ಜಿಲ್ಲಾ ಆಸ್ಪತ್ರೆಯ ಔಷಧಾಲಯದಲ್ಲಿ ಮೀಥೈಲ್‌ಫೆನಿಡೇಟ್ ಇಟ್ಟು, ಅದೇ ಆಸ್ಪತ್ರೆಯ ಚೀಟಿಗೆ ಅಲ್ಲಿಯೇ ಕೊಟ್ಟರೆ ಕಟ್ಟುನಿಟ್ಟೂ ಉಳಿಯುತ್ತದೆ, ರಾತ್ರಿಯ ರೈಲೂ ತಪ್ಪುತ್ತದೆ. ನಲವತ್ತು ವರ್ಷಗಳ ಹಿಂದೆ, ಮನೋರೋಗದ ಮಾತ್ರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡಲಾಗದು ಎಂದವರ ಎದುರಿನಲ್ಲಿಯೇ ಬಳ್ಳಾರಿ ಅದನ್ನು ಮಾಡಿ ತೋರಿಸಿತ್ತು.

ತಮ್ಮನ ವಿಷಯದಲ್ಲಿ ಆದದ್ದೂ ಹೆಚ್ಚುಕಡಿಮೆ ಹೀಗೆಯೇ, ಅದೃಷ್ಟವಶಾತ್. ಮೂರನೆಯ ಬಾರಿ ನಾವು ಹೋದ ಕಡೆ ಒಬ್ಬ ಸಮಾಜ ಕಾರ್ಯಕರ್ತೆ ಇದ್ದರು, ಕೊಪ್ಪಳದ ಕಡೆಯವರು. ಅವರು ಅವ್ವನನ್ನು ಹೊರಗಿನ ಬೇವಿನ ಗಿಡದ ಕಟ್ಟೆಯ ಮೇಲೆ ಕೂರಿಸಿಕೊಂಡು ಮೊದಲು ಮಳೆಬೆಳೆ ಕೇಳಿದರು, ಆಮೇಲೆ ‘ಸಾಲಿಗೆ ಹೋಗಾಗ ಏನೇನು ಕಳೀತಿದ್ದ ಬೇ ನಿನ್ನ ಮಗಾ’ ಎಂದರು. ಐದು ಪಾಟಿಗಳ ಲೆಕ್ಕ, ಬದುವಿನ ಮೇಲಿನ ಚೀಲ, ಅರ್ಧಕ್ಕೆ ಬಿಟ್ಟ ಊಟ, ಬಾವಿಯ ಕಟ್ಟೆಯಿಂದ ಎರಡು ಸಲ ಜಿಗಿದು ಕೈಮುರಿದುಕೊಂಡದ್ದು, ನನಗೂ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಅವರ ಹಾಳೆಗೆ ಇಳಿದವು. ಮೊದಲ ದವಾಖಾನೆಯ ಮೆಟ್ಟಿಲು ಹತ್ತಿದ ದಿನದಿಂದ ತಮ್ಮನ ಕೈಗೆ ಒಂದು ಹೆಸರು ಸಿಗುವವರೆಗೆ ಹಿಡಿದದ್ದು ಹದಿನಾಲ್ಕು ತಿಂಗಳು. ಅವ್ವನೊಂದಿಗಿನ ಆ ಮಾತುಕತೆಗೆ ಹಿಡಿದದ್ದು ನಲವತ್ತು ನಿಮಿಷ.